ದೊಡ್ಡವ್ವನ ಆರು ತಿಂಗಳ ಮನೆ

ಬೆಳಿಗ್ಗೆ ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ಜಪಾನಿನ ಒಂದು ಮನೆ ನೋಡುತ್ತಿದ್ದೆ. ಮರದ ಬಾಗಿಲು, ಪುಟ್ಟ ಅಂಗಳ. ಬೆಲೆ ಮಾತ್ರ ನಂಬಲಾಗದಷ್ಟು ಅಗ್ಗ. ಕೆಳಗೆ ಕಾರಣವನ್ನೂ ಬರೆದಿದ್ದರು. ಆ ಮನೆಯಲ್ಲಿ ಯಾರೋ ಒಂಟಿಯಾಗಿ ತೀರಿಕೊಂಡಿದ್ದರಂತೆ. ಕಾಫಿ ಆರಿಹೋಯಿತು.

ನಗಬೇಡಿ, ದೇಶದೇಶಗಳ ಮನೆ ಬೆಲೆ ಹೋಲಿಸುವುದು ನನ್ನ ಹಳೆಯ ಚಟ. ಚಾಮರಾಜನಗರದಲ್ಲಿ ಒಂದು ಸೈಟು ಕೊಳ್ಳಲಾಗದವನು ಲಿಸ್ಬನ್ನಿನ ಫ್ಲ್ಯಾಟು ದುಬಾರಿಯಾಯಿತೆಂದು ಮೂಗು ಮುರಿಯುತ್ತೇನೆ. ಹೆಂಡತಿಗೆ ಇದನ್ನು ಕಂಡರೆ ರೇಗುತ್ತದೆ. ಈ ಪುರಾಣವನ್ನೆಲ್ಲ ಕೂತು ಕೇಳುತ್ತಿದ್ದವಳು ಗುಂಡ್ಲುಪೇಟೆಯ ನನ್ನ ದೊಡ್ಡವ್ವ ಒಬ್ಬಳೇ.

ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಒಂಟಿ ಹೆಂಗಸು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವಳು. ಗಂಡ ಹೋದ ಮೇಲೂ ಪಾತ್ರೆ ಪಗಡ ಹೊತ್ತುಕೊಂಡು ಬೀದಿಯಿಂದ ಬೀದಿಗೆ ಅಲೆದಳು. ಸ್ವಂತದ್ದೊಂದು ಮನೆ ಬೇಕೆಂಬುದೇ ಅವಳ ಆಸೆ. ಜರ್ಮನಿಯಲ್ಲಿ ಎಷ್ಟೋ ಜನ ಜೀವನಪೂರ್ತಿ ಬಾಡಿಗೆಯಲ್ಲೇ ಇರುತ್ತಾರೆ, ಸಿಂಗಾಪುರದಲ್ಲಿ ಸರ್ಕಾರಿ ಫ್ಲ್ಯಾಟು ಕೊಂಡರೂ ಅದು ತೊಂಬತ್ತೊಂಬತ್ತು ವರ್ಷಕ್ಕೆ ಮಾತ್ರ ಎಂದೆಲ್ಲ ಸಮಾಧಾನ ಹೇಳುತ್ತಿದ್ದೆ.

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಒಮ್ಮೆ ಕೇಳಿದಳು: "ಅದೆಲ್ಲ ಸರಿ ಕಣ್ ಮಗಾ. ಜರ್ಮನೀಲಿ ಬಾಡ್ಗೆಯವ್ರು ಸತ್ರೆ ಎಣ ಎಲ್ಲಿ ಮಡುಗ್ತಾರೆ? ಮನೆ ಯಜಮಾನ್ರು ಒಪ್ತಾರಾ?"

ಅದನ್ನು ನಾನು ಎಲ್ಲೂ ಓದಿರಲಿಲ್ಲ.

ಅವಳು ಒಂದು ಮಧ್ಯಾಹ್ನ ಮಲಗಿದಲ್ಲೇ ಹೋದಳು. ಐನೋರು ಪಂಚಾಂಗ ನೋಡಿ ಲೆಕ್ಕ ಹಾಕಿ, "ನಕ್ಸತ್ರ ಸರಿಯಿಲ್ಲ, ಆರ್ ತಿಂಗ್ಳು ಮನೆ ಬುಡ್ಬೇಕು" ಅಂದರು. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ನಮ್ಮ ಕಡೆ ಮನೆ ಖಾಲಿ ಮಾಡಿ ಬಾಗಿಲಿಗೆ ಮುಳ್ಳು ಹಾಕುತ್ತಾರೆ. ಮನೆಯ ಯಜಮಾನ ಪುಟ್ಟಬಸಪ್ಪ ಹಣೆ ಹಣೆ ಚಚ್ಚಿಕೊಂಡ. "ಬಾಡ್ಗೆಯವ್ಳು ಸತ್ತದ್ಕೆ ನನ್ ಮನೆ ಮುಚ್ಬೇಕಾ?" ಎಂದು ಗೊಣಗುತ್ತಲೇ ಬೀಗ ಹಾಕಿದ. ಇದ್ದ ಒಂದೇ ಕೀಲಿ ತನ್ನ ಹತ್ತಿರ ಬೇಡವೆಂದು ನನಗೇ ಕೊಟ್ಟ.

ಗಡುವು ಮುಗಿದ ಮೇಲೆ ಹಾಡುಹಗಲಲ್ಲೇ ಹೋದೆ. ಮುಳ್ಳು ಸರಿಸಿದ ಪುಟ್ಟಬಸಪ್ಪ "ನೀವೇ ಮೊದ್ಲು ಓಗಿ" ಎಂದು ಹಿಂದೆ ನಿಂತ. ನೆಲದ ತುಂಬ ಧೂಳು. ನನ್ನ ಹೆಜ್ಜೆಗಳು ಮಾತ್ರ ಮೂಡುತ್ತಿದ್ದವು. ನಡುಮನೆಯ ಗೋಡೆಯಲ್ಲಿ, ಕುಳ್ಳಗಿದ್ದ ದೊಡ್ಡವ್ವನ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಒಂದು ಮೊಳೆಯಿತ್ತು. ಅದರ ಕೆಳಗೆ, ಧೂಳಿನ ಮೇಲೆ, ಸುಣ್ಣದ ಪುಡಿ ಬೆಳ್ಳಗೆ ಉದುರಿತ್ತು.

ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಅವಳ ಯಜಮಾನರೆಲ್ಲರ ಮೊದಲ ಷರತ್ತು. ಮಾದಪ್ಪನ ಪಟವನ್ನು ಅವಳು ಜೀವಮಾನವೆಲ್ಲ ಅಕ್ಕಿ ಡಬ್ಬಕ್ಕೆ ಒರಗಿಸಿಯೇ ಪೂಜೆ ಮಾಡಿದ್ದಳು.

"ಯಾರು ಒಡ್ದದ್ದು ಈ ಮೊಳೆಯ?" ಪುಟ್ಟಬಸಪ್ಪ ಹೊಸ್ತಿಲಾಚೆಯಿಂದಲೇ ಕೇಳಿದ. ನಾನು ದೆವ್ವ ನಂಬುವವನಲ್ಲ. ಆದರೂ ಮೊಳೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಹೇಳಲು ಸಂಕೋಚ, ಒಳಗೊಳಗೆ ಸಂತೋಷವೂ ಆಯಿತು.

ಆಮೇಲೆ ಅವನು ಮೊಳೆ ಕಿತ್ತು, ಸುಣ್ಣ ಬಳಿಸಿ, ಹೋಮ ಮಾಡಿಸಿ, ಹೊಸ ಬಾಡಿಗೆಯವರನ್ನು ಇರಿಸಿದ. ಸತ್ತ ಮೇಲೂ ದೊಡ್ಡವ್ವನ ಕೈಲಿ ಮನೆ ಖಾಲಿ ಮಾಡಿಸಿದೆವಲ್ಲ ಎಂಬುದು ನನಗೆ ಹೊಳೆದದ್ದು ಮಾತ್ರ ಇವತ್ತು. ಅಲ್ಲಿಂದ ಎಲ್ಲಿಗೆ ಹೋದಳು? ಕೀಲಿ ತಿರುಗಿಸಿ ಆ ಬಾಗಿಲು ತೆರೆದವನು ನಾನೇ.

ಮೊಬೈಲು ಕೆಳಗಿಟ್ಟು ಎದ್ದೆ. ಬೀದಿ ಬಾಗಿಲನ್ನು ಪೂರ್ತಿ ತೆರೆದೆ.

"ನಮ್ದೂ ಬಾಡ್ಗೆ ಮನೇನೇ ಕಣವ್ವ. ಆದ್ರೂ ಬಾ" ಅಂದು, ಒಳಗೆ ಬರಲು ಜಾಗವಾಗಲೆಂದು ಪಕ್ಕಕ್ಕೆ ಸರಿದು ನಿಂತೆ.