ಗೇಟಕ್ಕನ ಕೈಸನ್ನೆ

ಬ್ರೆಡ್ ಕಾರ್ಖಾನೆಯ ಗೇಟಿನಲ್ಲಿ ಅಡ್ಡಕಂಬ ಎತ್ತಿ ಇಳಿಸುವ ಹೆಂಗಸಿಗೆ ಗೇಟಕ್ಕ ಎಂಬ ಹೆಸರು ಅಂಟಿ ಎಷ್ಟು ಕಾಲವಾಗಿತ್ತೆಂದರೆ, ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಿದ್ದ. ಸೊಂಟ ಮುರಿದು ಮಂಚ ಹಿಡಿದ ಮೇಲೂ ಅವನ ತಮಾಷೆ ಮುರಿದಿರಲಿಲ್ಲ. ಬಚ್ಚಲಿಗೆ ಹೋಗಬೇಕಾದಾಗ ತೋಳು ಮುಂದೆ ಚಾಚಿ, "ಕಂಬ ಎತ್ತು ಗೇಟಕ್ಕ, ಗಾಡಿ ಹೊರಡ್ಬೇಕು" ಎನ್ನುವನು. ಅವಳು ಅವನ ಕಂಕುಳಿಗೆ ಹೆಗಲು ಕೊಟ್ಟು ಎತ್ತುವಳು. ಆಗ ಇಬ್ಬರೂ ನಗುತ್ತಿದ್ದರು. ನಗದೆ ಹೋಗಿದ್ದರೆ ಮಂಚದಿಂದ ಬಚ್ಚಲಿನವರೆಗಿನ ದಾರಿ ಮುಗಿಯುತ್ತಲೇ ಇರಲಿಲ್ಲ.

ಅವನ ಸೊಂಟ ಮುರಿದದ್ದು ಅವಳೇ ಕಂಬ ಎತ್ತಿ ಕಳಿಸಿದ ವ್ಯಾನು ಬಡಿದು. ಕಳೆದ ವರ್ಷ, ಹಗಲು ಗಿಡ್ಡವಾಗತೊಡಗಿದ ದಿನಗಳಲ್ಲಿ. ಅವನು ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುವ ಕೆಲಸದವನು, ಸಂಜೆ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ. ಕಾರ್ಖಾನೆಯಿಂದ ಸೇತುವೆಯವರೆಗೆ ಬೀದಿದೀಪಗಳಿದ್ದವು. ಸೇತುವೆ ದಾಟಿ ಮಿಲ್ಲಿನ ತಿರುವಿಗೆ ಬಂದರೆ ಒಂದೂ ಇಲ್ಲ. ಆ ತಿರುವಿನಲ್ಲಿ ದೀಪ ಹಾಕದ ವ್ಯಾನು ಕತ್ತಲಿನದೇ ಒಂದು ತುಂಡಿನಂತೆ ಬಂದು ಅವನನ್ನು ಸೈಕಲ್ ಸಮೇತ ಮೋರಿಗೆ ಎಸೆಯಿತು.

ಓಡಿಸುತ್ತಿದ್ದವನು ಬನ್ನಣ್ಣ. ಉಬ್ಬಿದ ಕೆನ್ನೆಗಳ ದೆಸೆಯಿಂದ ಬಂದ ಹೆಸರು ಅದು. ಅವನು ಕುಡಿಯುವವನಲ್ಲ, ಅವಸರಗೇಡಿಯೂ ಅಲ್ಲ. ಬ್ರೆಡ್ಡಿನ ಟ್ರೇಗಳನ್ನು ರಸ್ತೆಗೆ ಸುರಿದು, ಜಾಗ ಮಾಡಿ, ಗಾಯಾಳುವನ್ನು ತನ್ನ ವ್ಯಾನಿನಲ್ಲೇ ಮಲಗಿಸಿ ಆಸ್ಪತ್ರೆಗೆ ಸಾಗಿಸಿದವನೂ ಅವನೇ. ಗೇಟಕ್ಕ ಓಡಿ ಬಂದಾಗ ಅವನು ವಾರ್ಡಿನ ನೆಲದ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದ. ದೀಪ ಹಾಕಿದ್ದೇನೆ ಎಂದೇ ತಿಳಿದಿದ್ದೆ, ಇನ್ನು ಮೇಲೆ ಸತ್ತರೂ ಮರೆಯುವುದಿಲ್ಲ ಎಂದು ತನ್ನ ಮಕ್ಕಳ ಮೇಲೆ ಆಣೆ ಮಾಡಿದ. ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆಯಲು ಹೊರಟಾಗ, ಬೇಡ, ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ ಎಂದು ಮ್ಯಾನೇಜರಿಗೆ ಹೇಳಿದವಳು ಗೇಟಕ್ಕ. ಅವಳ ಲೆಕ್ಕ ಬೇರೆಯೂ ಇತ್ತು. ಒಮ್ಮೆ ಸುಟ್ಟ ಕೈ ಮತ್ತೆ ಕೆಂಡ ಮುಟ್ಟುವುದಿಲ್ಲ, ಹೊಸಬನಿಗಿಂತ ಇವನೇ ವಾಸಿ ಎಂದು.

ಡ್ರೈವರುಗಳು ದೀಪ ಮರೆಯುವುದಕ್ಕೆ ಕಾರ್ಖಾನೆಯಲ್ಲೇ ಒಂದು ಕಾರಣವಿತ್ತು. ಅಂಗಳದಲ್ಲಿ ವ್ಯಾನಿಗೆ ಟ್ರೇ ತುಂಬುವ ಎರಡು ಕಟ್ಟೆಗಳು ಎದುರುಬದುರಾಗಿದ್ದವು. ಒಂದು ಕಟ್ಟೆಗೆ ಹಿಂಬದಿ ಕೊಟ್ಟು ನಿಂತ ವ್ಯಾನಿನ ದೀಪ ನೇರವಾಗಿ ಎದುರು ಕಟ್ಟೆಯವರ ಕಣ್ಣಿಗೆ ಹೊಡೆಯುತ್ತಿತ್ತು. ಒಬ್ಬ ಟ್ರೇ ಹೊತ್ತುಕೊಂಡೇ ಕಟ್ಟೆಯಿಂದ ಕೆಳಗೆ ಬಿದ್ದ ಮೇಲೆ, ಅಂಗಳಕ್ಕೆ ಬಂದವರೆಲ್ಲ ದೀಪ ಆರಿಸಲೇಬೇಕೆಂಬ ನಿಯಮ ಬಂತು. ಆರಿಸುವುದು ಬೆರಳಿಗೆ ರೂಢಿಯಾಯಿತು. ಮತ್ತೆ ಹಾಕುವುದಕ್ಕೆ ಮಾತ್ರ ಯಾವ ರೂಢಿಯೂ ಹುಟ್ಟಲಿಲ್ಲ, ಏಕೆಂದರೆ ವರ್ಷದ ಬಹುಪಾಲು ದಿನ ವ್ಯಾನುಗಳು ಬೆಳಕಿರುವಾಗಲೇ ಹೊರಡುತ್ತಿದ್ದವು. ಸೂರ್ಯ ಯಾರಿಗೂ ನೋಟಿಸು ಕೊಟ್ಟು ಬೇಗ ಮುಳುಗುವುದಿಲ್ಲ. ಇವತ್ತು ಇಷ್ಟು, ನಾಳೆ ಇನ್ನಿಷ್ಟು ಎಂದು ಕಳ್ಳನ ಹಾಗೆ ಜಾರುತ್ತಾನೆ. ಗೇಟಿನ ಮೇಲೆ ಕಣ್ಣು ಕುಕ್ಕುವ ಫ್ಲಡ್‌ಲೈಟು, ಆಮೇಲೆ ಬೀದಿದೀಪ, ಎದುರಿಗೆ ಕೀಲಿ ತಿರುಗಿಸಿದ ಕೂಡಲೇ ಮಿನುಗುವ ಮೀಟರಿನ ಬೆಳಕು. ಇಷ್ಟೆಲ್ಲದರ ನಡುವೆ ಕೂತವನಿಗೆ ತನ್ನ ಗಾಡಿ ಕುರುಡಾಗಿದೆ ಎಂದು ತಿಳಿಯುತ್ತಿದ್ದದ್ದು ತಿರುವಿನಲ್ಲೇ.

ಅದಕ್ಕೇ ಗಂಡ ಮಂಚ ಹಿಡಿದ ಮೇಲೆ ಗೇಟಕ್ಕ ಕೈಸನ್ನೆ ಶುರು ಮಾಡಿದ್ದಳು. ಕಂಬ ಎತ್ತುವ ಮೊದಲು ಕೈ ಮೇಲೆ ಮಾಡಿ, ಐದೂ ಬೆರಳು ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ ತೋರಿಸುವಳು. ದೀಪ ಹಾಕು ಎಂದು ಅದರ ಅರ್ಥ.

ಈ ವರ್ಷ ಅವಳ ಭಯಕ್ಕೆ ಇನ್ನೊಂದು ಕಾರಣ ಸೇರಿತ್ತು. ಗಂಡನ ಸಂಪಾದನೆ ನಿಂತ ಮೇಲೆ ಮಗಳು ಪುಟ್ಟಿ, ಮಿಲ್ಲಿನ ತಿರುವಿನಾಚೆ, ಶಾಲೆ ಮಕ್ಕಳ ಚೀಲ ಹೊಲಿಯುವ ವರ್ಕ್‌ಶಾಪಿಗೆ ಸೇರಿದ್ದಳು. ಮೊದಲು ಹೊಲಿದ ಚೀಲದ ದಾರದ ತುದಿ ಕತ್ತರಿಸುವ ಬೆಂಚಿನಲ್ಲಿ ಕೂರಿಸಿದ್ದರು. ಹುಡುಗಿಯ ಕೈ ನೋಡಿ ಮಾಲೀಕಳು ಅವಳನ್ನು ಕಟಿಂಗ್ ಮೇಜಿಗೆ ಹಾಕಿದಳು. ಒಂದರ ಮೇಲೊಂದು ಪೇರಿಸಿದ ದಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಬಿಟ್ಟು ಕೂದಲೆಳೆಯಷ್ಟೂ ಜಾರದೆ ಕತ್ತರಿಸಬೇಕು. ಪುಟ್ಟಿ ಮನೆಗೆ ಬಂದರೂ ಅದೇ ಮಾತು. ಅಪ್ಪನ ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು, ಹೀಗೆ ಕತ್ತರಿಸಿದರೆ ಒಂದು ತುಂಡೂ ದಂಡವಾಗುವುದಿಲ್ಲ ನೋಡು ಎಂದು ವಿವರಿಸುವಳು. ಅಪ್ಪ ಅವಳ ಕತ್ತರಿಯನ್ನು ಮಲಗಿದಲ್ಲೇ ಮಸೆದು ಕೊಡುವನು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಮುಂದಿನ ಬದುಕಿನ ಮಾತು ಕೇಳಿಬಂದದ್ದು ಆ ಮೇಜಿನ ದೆಸೆಯಿಂದಲೇ. ಆದರೆ ಮರುದಿನ ಬೆಳಿಗ್ಗೆ ಹೊಲಿಯುವವರಿಗೆ ಬಟ್ಟೆ ಸಿದ್ಧವಿರಬೇಕು. ಹಾಗಾಗಿ ಕಟಿಂಗಿನವರು ಎಲ್ಲರಿಗಿಂತ ಕೊನೆಗೆ ಹೊರಡುತ್ತಿದ್ದರು. ಪುಟ್ಟಿ ತಿರುವಿಗೆ ಬರುವುದೂ, ವ್ಯಾನುಗಳು ಅಲ್ಲಿಗೆ ಬರುವುದೂ ಒಂದೇ ಹೊತ್ತಿಗೆ. ಬೇರೆ ದಾರಿ ಇರಲಿಲ್ಲ.

ಗೇಟಕ್ಕ ಮಗಳ ಚೀಲಕ್ಕೆ ಬಿಳಿ ಪಟ್ಟಿ ಹೊಲಿದಳು. ಕೈಗೆ ಟಾರ್ಚ್ ಕೊಟ್ಟಳು. ಮ್ಯಾನೇಜರನ್ನು ಕಾಡಿ ಬೇಡಿ ಗೇಟಿನ ಪಕ್ಕ ‘ದೀಪ ಹಾಕಿ’ ಎಂಬ ಬೋರ್ಡು ಹಾಕಿಸಿದಳು. ಕೆಲವು ದಿನ ಎಲ್ಲರೂ ಓದಿದರು. ಆಮೇಲೆ ಬೋರ್ಡು ಗೋಡೆಯೇ ಆಗಿಹೋಯಿತು. ಕೈಸನ್ನೆಯ ಗತಿ ಇನ್ನೂ ವಿಚಿತ್ರವಾಯಿತು. ದಿನಾ ನೋಡಿ ನೋಡಿ ಡ್ರೈವರುಗಳು ಅದನ್ನು ಅವಳ ಕುಶಲಪ್ರಶ್ನೆ ಮಾಡಿಕೊಂಡರು. ಅವಳು ಬೆರಳು ಬಿಚ್ಚಿ ಮುಚ್ಚಿದರೆ, ಅವರೂ ಕಿಟಕಿಯಿಂದ ಕೈ ಹೊರಗೆ ಹಾಕಿ ಹಾಗೇ ಬಿಚ್ಚಿ ಮುಚ್ಚಿ, ಹಲ್ಲು ಬಿಟ್ಟು, ದೀಪವಿಲ್ಲದೆ ಹೊರಟುಹೋಗುವರು. ಪೇಟೆಯಲ್ಲಿ ಎದುರಾದರೂ ಅದೇ ನಮಸ್ಕಾರ. ಒಬ್ಬನಂತೂ ತನ್ನ ಕೂಸಿಗೂ ಕಲಿಸಿದ್ದೇನೆ, ಗೇಟಕ್ಕನಿಗೆ ಟಾಟಾ ಮಾಡು ಅಂದರೆ ಹೀಗೆ ಮಾಡುತ್ತದೆ ಎಂದು ಹೆಮ್ಮೆಯಿಂದ ಹೇಳಿದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ಸಂಜೆ ಅವಳಿಗೆ ಥಟ್ಟನೆ ಹೊಳೆಯಿತು. ಇವರನ್ನು ಮರೆಸುತ್ತಿರುವುದೇ ಗೇಟಿನ ಬೆಳಕು. ಅವಳು ಫ್ಲಡ್‌ಲೈಟಿನ ಸ್ವಿಚ್ಚು ಆರಿಸಿದಳು. ಗೇಟು ಕಪ್ಪಾಯಿತು. ಮೊದಲ ವ್ಯಾನು ಬಂದು, ತಡವರಿಸಿ, ತಾನಾಗಿಯೇ ದೀಪ ಹಾಕಿಕೊಂಡಿತು. ಅದರ ಹಿಂದಿನದೂ. ಸೇತುವೆಯ ಮೇಲೆ ಸಾಲಾಗಿ ಬೆಳಕು ಏರುತ್ತಿರುವುದನ್ನು ನೋಡುತ್ತ ಅವಳು ಸ್ಟೂಲಿನ ಮೇಲೆ ಕೂತು, ಆರಿದ ಚಹಾವನ್ನು ನೆಮ್ಮದಿಯಿಂದ ಕುಡಿದಳು. ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಗೇಟಿನ ಕ್ಯಾಮರಾದಲ್ಲಿ ಬರೀ ಕಪ್ಪು ಕಾಣುತ್ತಿದೆ ಎಂದು ದೂರು ಹೋಯಿತು. ಮ್ಯಾನೇಜರು ಕೆಟ್ಟವನೇನಲ್ಲ. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡ. ನಿಮ್ಮ ಮಾತು ಸರಿ ಎಂದೂ ಒಪ್ಪಿದ. ಆಮೇಲೆ, "ಆದ್ರೆ ನಿಮ್ಮ ಕೆಲಸ ಗೇಟು ಕಾಯೋದಮ್ಮ, ರಸ್ತೆ ಕಾಯೋದಲ್ಲ" ಎಂದ. ಮರುದಿನವೇ ಸ್ವಿಚ್ಚನ್ನು ಆಫೀಸಿನೊಳಗೆ ಹಾಕಿಸಿದ.

ಹಾಗಿದ್ದರೂ ಅವಳಿಗೆ ಒಬ್ಬನ ಮೇಲೆ ಮಾತ್ರ ನಂಬಿಕೆಯಿತ್ತು. ಉಳಿದವರೆಲ್ಲ ರಕ್ತ ನೋಡದವರು, ಮರೆಯುತ್ತಾರೆ. ಬನ್ನಣ್ಣ ಮರೆಯುವುದಿಲ್ಲ. ನಿಧಾನವಾಗಿಯಾದರೂ ಉಳಿದವರೂ ಅವನ ಹಾಗೆ ಆಗಬಹುದು ಎಂದುಕೊಂಡಿದ್ದಳು. ಅವನ ವ್ಯಾನು ಬಂದಾಗ ಅವಳು ದೀಪದ ಕಡೆ ನೋಡುತ್ತಲೇ ಇರಲಿಲ್ಲ, ಅವನ ಮುಖ ನೋಡಿ ಯಜಮಾನರು ಚೆನ್ನಾಗಿದ್ದಾರೆ ಎಂದು ತಲೆಯಾಡಿಸುತ್ತಿದ್ದಳು. ಅವನು ದಿನಾ ಕೇಳುತ್ತಿದ್ದದ್ದು ಅದನ್ನೇ.

ಮೋಡ ಕವಿದ ಒಂದು ಸಂಜೆ, ಮಾಮೂಲಿಗಿಂತ ಬೇಗ ಕತ್ತಲಾಗಿತ್ತು. ಬನ್ನಣ್ಣನ ವ್ಯಾನು ಗೇಟಿಗೆ ಬಂತು. ಅವಳು ರೂಢಿಯಂತೆ ಬೆರಳು ಬಿಚ್ಚಿ ಮುಚ್ಚಿದಳು. ಅವನೂ ನಗುತ್ತ ಕೈ ಹೊರಗೆ ಚಾಚಿ ಹಾಗೇ ಮಾಡಿದ. ಕಂಬ ಅರ್ಧ ಮೇಲೇರಿತ್ತು. ಆಗ ಅವಳ ಕಣ್ಣು ವ್ಯಾನಿನ ಮುಂಭಾಗದ ಮೇಲೆ ಬಿತ್ತು. ಕಂಬ ತಾನೇ ಕೆಳಗಿಳಿಯಿತೋ ಅವಳು ಇಳಿಸಿದಳೋ, ದಡಕ್ಕನೆ ಬಂದು ಕೂತಿತು. ಹಿಂದಿನ ವ್ಯಾನುಗಳು ಹಾರ್ನ್ ಬಾರಿಸತೊಡಗಿದವು. ಅವಳು ಅವನ ಕಿಟಕಿಯ ಬಳಿ ಹೋದಳು.

"ಅಣ್ಣ, ದೀಪ."

ಅವನು ಮೀಟರಿನ ಬೆಳಕನ್ನು ನೋಡಿ, "ಉರೀತಿದೆಯಲ್ಲಕ್ಕ" ಎಂದ.

"ಇಳಿದು ನೋಡಿ."

ಅವನು ಇಳಿದು ಮುಂದೆ ಬಂದು ನಿಂತ. ದೀಪದ ಎರಡು ಗಾಜುಗಳೂ ಸತ್ತ ಮೀನಿನ ಕಣ್ಣಿನಂತೆ ಬಿಳಿಚಿಕೊಂಡಿದ್ದವು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅಂಗೈಯನ್ನು ಗಾಜಿನ ಮೇಲಿಟ್ಟ. ಅದು ತಣ್ಣಗಿತ್ತು. ಅವನ ಕೆನ್ನೆ ಇಳಿಬಿದ್ದು ಮುಖ ಬೇರೆ ಯಾರದೋ ಆಯಿತು.

"ನಿನ್ನೆ ಹಾಕಿದ್ನಾ?" ಎಂದು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಅವಳು ನೋಡಿರಲಿಲ್ಲ.

"ಅವತ್ತಿಂದ ಒಂದು ದಿನಾನೂ ಸರಿಯಾಗಿ ನಿದ್ದೆ ಮಾಡಿಲ್ಲಕ್ಕ ನಾನು. ನಂಗೂ ಮರೆಯುತ್ತೆ ಅಂದ್ರೆ..." ಎಂದು ಅವನು ಇನ್ನೊಂದು ಗಾಜನ್ನೂ ಮುಟ್ಟಿ ನೋಡಿದ. ಹಿಂದಿನಿಂದ ಯಾರೋ, ಮದುವೆ ಮಾತುಕತೆಯಾ ಗೇಟಕ್ಕ, ಬ್ರೆಡ್ಡು ಹಳಸುತ್ತೆ ಎಂದು ಕೂಗಿದರು. ಅವನು ಹೋಗಿ ಕೂತು ದೀಪ ಹಾಕಿದ. ಅವಳು ಕಂಬ ಎತ್ತಿದಳು.

ಅವನ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಸಿಟ್ಟು ಬರಲಿಲ್ಲ. ಒಬ್ಬ ಮನುಷ್ಯನ ಸೊಂಟ ಮುರಿದು, ಮಕ್ಕಳ ಮೇಲೆ ಆಣೆ ಇಟ್ಟು, ನಿದ್ದೆಗೆಟ್ಟವನೇ ಮರೆಯುತ್ತಾನೆಂದರೆ ಇನ್ನು ಯಾರಿಗೆ ಏನು ಹೇಳುವುದು? ಇಷ್ಟು ದಿನ ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡೆ ಎನಿಸಿತು. ಉಳಿದ ವ್ಯಾನುಗಳಿಗೆ ಅವಳು ಸನ್ನೆ ಮಾಡಲೇ ಇಲ್ಲ. ಮಾಡಲಿಲ್ಲವೆಂದು ಯಾರೂ ಕೇಳಲೂ ಇಲ್ಲ.

ಮರುದಿನ ರಜೆ ಹಾಕಿ ಅವಳು ಮಗಳ ವರ್ಕ್‌ಶಾಪಿಗೆ ಹೋದಳು. ಹುಡುಗಿಯನ್ನು ಬೆಳಕಿರುವಾಗಲೇ ಬಿಡಲಾಗುತ್ತದೆಯೇ ಎಂದು ಕೇಳಿದಳು. ಬೇಗ ಬಿಡುವುದು ದಾರ ಕತ್ತರಿಸುವವರನ್ನು ಮಾತ್ರ ಎಂದಳು ಮಾಲೀಕಳು. ಇಂಥ ಕೈ ಮತ್ತೆ ಸಿಗುವುದು ಕಷ್ಟ, ಇನ್ನೊಮ್ಮೆ ಯೋಚಿಸಿ ಎಂದೂ ಹೇಳಿದಳು. ಗೇಟಕ್ಕ ಕಟಿಂಗ್ ಮೇಜಿನ ಕಡೆ ನೋಡಿದಳು. ಪುಟ್ಟಿ ಬಗ್ಗಿ, ತುಟಿ ಕಚ್ಚಿಕೊಂಡು, ನೀಲಿ ಬಟ್ಟೆಯ ರಾಶಿಯಲ್ಲಿ ಕತ್ತರಿ ನಡೆಸುತ್ತಿದ್ದಳು. ಅಮ್ಮ ಬಂದದ್ದು ಅವಳಿಗೆ ತಿಳಿದಿರಲಿಲ್ಲ. ಅಷ್ಟು ಚೆಂದವಾಗಿ ಮೈಮರೆತ ಮಗಳನ್ನು ಗೇಟಕ್ಕ ಅವಳು ತೊಟ್ಟಿಲಲ್ಲಿದ್ದಾಗ ನೋಡಿದ್ದೇ ಕೊನೆ. ಯೋಚಿಸಿ ಆಯಿತು, ದಾರದ ಬೆಂಚಿಗೇ ಹಾಕಿ ಎಂದು ಹೇಳಿ ಹೊರಗೆ ಬಂದಳು.

ಸಂಜೆ ಮನೆಯಲ್ಲಿ ಪುಟ್ಟಿ ಚೀಲ ಬಿಸಾಡಲಿಲ್ಲ, ಕೂಗಾಡಲೂ ಇಲ್ಲ. ಅಪ್ಪನ ಮಂಚದ ತುದಿಯಲ್ಲಿ ಕೂತು ಕೇಳಿದಳು.

"ದೀಪ ಮರೆಯೋರು ಅವರು. ಮೇಜು ಬಿಡೋಳು ನಾನಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದ ಅಪ್ಪ. ಈ ಸಲ ಅವನ ಮಾತಿಗೆ ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಗೇಟಕ್ಕ ತಟ್ಟೆ ಇಡುತ್ತಿದ್ದಳು. "ಹೌದು" ಎಂದಳು. "ಅನ್ಯಾಯಾನೇ. ಆದ್ರೆ ಬರೆ ಬಿದ್ದ ಎಮ್ಮೆ ಮನೆಗಾದ್ರೂ ಬರುತ್ತೆ ಪುಟ್ಟಿ."

ಪುಟ್ಟಿ ಊಟಕ್ಕೆ ಎದ್ದಳು, ತಿಂದಳು, ತಟ್ಟೆ ತೊಳೆದಳು. ಅಮ್ಮ ತಲೆ ನೇವರಿಸಲು ಹೋದರೆ ಒಂಚೂರು ಪಕ್ಕಕ್ಕೆ ಸರಿದಳು. ಆ ಒಂಚೂರು ಜಾಗ ಆಮೇಲೂ ಹಾಗೇ ಉಳಿಯಿತು. ಈಗ ಅವಳು ಬೆಳಕಿರುವಾಗಲೇ ಮನೆ ಸೇರುತ್ತಾಳೆ, ಅಪ್ಪನಿಗೆ ಚಹಾ ಕಾಯಿಸುತ್ತಾಳೆ, ಕಿಟಕಿಯ ಬಳಿ ಕೂರುತ್ತಾಳೆ. ಹೊದಿಕೆಯ ಮೇಲೆ ಗೆರೆ ಎಳೆಯುವುದಿಲ್ಲ. ಕತ್ತರಿಯನ್ನು ಮಸೆಯಲು ಕೊಡುವುದಿಲ್ಲ, ದಾರ ಕತ್ತರಿಸುವುದಕ್ಕೆ ಮಸೆದದ್ದೇ ಬೇಕೆಂದಿಲ್ಲ.

ಕೆಲವು ದಿನ ಬಿಟ್ಟು ಬನ್ನಣ್ಣ ಗೇಟಿನಲ್ಲಿ ವ್ಯಾನು ನಿಲ್ಲಿಸಿ, ತಿರುವಿನಲ್ಲಿ ಮಗಳು ಕಾಣುತ್ತಿಲ್ಲವಲ್ಲ, ಹುಷಾರಿಲ್ಲವೇ ಎಂದು ಕೇಳಿದ.

"ಹುಷಾರಾಗಿದಾಳೆ. ಈಗ ಆ ಹೊತ್ತಲ್ಲಿ ಬರಲ್ಲ" ಎಂದಳು ಗೇಟಕ್ಕ.

ಅವನು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಉಸಿರು ಬಿಟ್ಟ. "ಒಳ್ಳೇದಾಯ್ತು ಬಿಡಿ ಅಕ್ಕ. ಇನ್ನು ನಂಗೂ ನೆಮ್ಮದಿ."

ಅವನು ಮನಸಾರೆ ಹೇಳಿದ್ದ. ಆ ಮುಖದ ಮೇಲಿನ ನೆಮ್ಮದಿಯನ್ನು ಅವಳು ಒಂದು ಗಳಿಗೆ ನೋಡಿದಳು, ಮತ್ತೆ ತಲೆ ತಗ್ಗಿಸಿ ಕಂಬದ ಭಾರದ ತುದಿಯನ್ನು ಒತ್ತಿ ಹಿಡಿದಳು. ವ್ಯಾನು ಹೊರಟಿತು. ದೀಪ ಹಾಕಿದ್ದನೋ ಇಲ್ಲವೋ, ಅವಳು ತಲೆ ಎತ್ತಿ ನೋಡಲಿಲ್ಲ. ಹಿಂದಿನದು ಆಗಲೇ ಹಾರ್ನ್ ಬಾರಿಸುತ್ತಿತ್ತು.