ಬೇಯಿಸಿದ ಬೆಲ್ಟು

ಹಳೆಯ ಸಿಡಿ ಪ್ಲೇಯರುಗಳು ಸಾಯುವುದು ಹೆಚ್ಚಾಗಿ ಒಂದು ರಬ್ಬರ್ ಬೆಲ್ಟಿನಿಂದ. ಸಿಡಿ ಇಡುವ ತಟ್ಟೆಯನ್ನು ಹೊರಕ್ಕೆ ತಳ್ಳುವ, ಒಳಕ್ಕೆ ಎಳೆಯುವ ಕರಿ ಬೆಲ್ಟು ಅದು, ಕೂಸಿನ ಬಳೆಯಷ್ಟು ಅಗಲ. ವರ್ಷ ಕಳೆದಂತೆ ಸಡಿಲವಾಗುತ್ತದೆ. ಒಳಗೆ ಮೋಟರು ತಿರುಗುತ್ತದೆ, ಬೆಲ್ಟು ಜಾರುತ್ತದೆ, ತಟ್ಟೆ ಮಾತ್ರ ಕದಲುವುದಿಲ್ಲ. ಜನ ಇಡೀ ಮೆಷಿನ್ನೇ ಹೋಯಿತು ಅಂದುಕೊಂಡು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಡುತ್ತಾರೆ. ನಾನು ಭಂಗಾರದವನ ಹತ್ತಿರ ಹೋಗಿ ಅದನ್ನು ಮನೆಗೆ ತರುತ್ತೇನೆ.

ಮನೆ ಅಂದರೆ ಮುಂಬಯಿಯ ಮಲಾಡಿನ ಒಂದು ಬಿಲ್ಡಿಂಗಿನಲ್ಲಿ ಒಂದು ರೂಮು, ಒಂದು ಅಡುಗೆಮನೆ, ಮತ್ತು ನಾನು. ಬಾಂದ್ರಾದ ಆಫೀಸೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ರಿಟೈರ್ ಆದವನು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರ ಮೇಲೆ ರೇಗಿ ರೇಗಿ, ಈಗ ಕೇಳುವವರೂ ಇಲ್ಲ. ಮೈಸೂರಿನಲ್ಲಿ ತಂಗಿ ಇದ್ದಾಳೆ, ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಉಳಿದ ದಿನ ಸವೆದ ಗಿಯರು, ಹಳೆಯ ಬೆಲ್ಲದ ಹಾಗೆ ಗಟ್ಟಿಯಾದ ಗ್ರೀಸು, ಕಣ್ಣಿಗೆ ಸಿಗದ ಸ್ಕ್ರೂಗಳು. ರಿಪೇರಿಯಾದ ಮೆಷಿನ್ನುಗಳು ಕಪಾಟಿನ ತುಂಬ ಕೂತಿವೆ. ಎಲ್ಲವೂ ಹಾಡುತ್ತವೆ, ಕೇಳಲು ಯಾರೂ ಬರುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಡು ಕೇಳಿಸುವುದಿಲ್ಲ. ಎಲ್ಲಿ ಗಿಯರು ಟಿಕ್ ಅನ್ನುತ್ತದೋ ಎಂದೇ ಕಿವಿ ಕಾದಿರುತ್ತದೆ.

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಒಂದು ಶನಿವಾರ ಊಟಕ್ಕೆ ಕೂತಿದ್ದೆ. ಎದುರು ಕುರ್ಚಿಗೆ ನನಗಿಂತ ಸ್ವಲ್ಪ ಹಿರಿಯ ಹೆಂಗಸೊಬ್ಬರು ಬಂದು ಕೂತರು. ಬಟ್ಟೆಯ ಚೀಲದಿಂದ ಸಿಡಿ ಪ್ಲೇಯರು ಇಣುಕುತ್ತಿತ್ತು. ಅಂಗಡಿಯವನು ರಿಪೇರಿ ಆಗುವುದಿಲ್ಲ ಎಂದು ವಾಪಸು ಕಳಿಸಿದ್ದನಂತೆ.

“ಎಂತ ಮಾಡುವುದು ಮಾರಾಯ್ರೆ, ಇದು ಬಾಯಿಯೇ ಬಿಡುವುದಿಲ್ಲ” ಅಂದರು, ನಾನು ಕೇಳದಿದ್ದರೂ.

“ಬೆಲ್ಟು ಹೋಗಿರತ್ತೆ” ಅಂದೆ. “ಬಿಸಿನೀರು ಸಿಕ್ರೆ ಈಗಲೇ ಸರಿ ಮಾಡ್ತೀನಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಊಟ ಮುಗಿದ ಮೇಲೆ ಪಕ್ಕದ ಬೀದಿಯ ಹಳೆಯ ಕಟ್ಟಡದ ಹಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಶನಿವಾರ ಮಧ್ಯಾಹ್ನ ಹತ್ತಾರು ಹೆಂಗಸರು ಸೇರಿ ದೇವರನಾಮ ಹಾಡುತ್ತಾರೆ. ಶ್ರುತಿಯೂ ತಾಳವೂ ಸಿಡಿಯಲ್ಲಿವೆ. ಮೊಬೈಲಿನಲ್ಲಿ ಹಾಕಿಕೊಳ್ಳಬಾರದೇ ಎಂದು ಕೇಳಿದೆ. ಹಾಕಿದ್ದರಂತೆ, ಪಲ್ಲವಿಯ ನಡುವೆ ಯಾರದೋ ಸೊಸೆಯ ಫೋನು ಬಂದು ದೇವರು ಅರ್ಧಕ್ಕೇ ನಿಂತನಂತೆ.

ಕಾದ ನೀರಿನಲ್ಲಿ ಎರಡು ನಿಮಿಷ ಇಟ್ಟರೆ ಸಡಿಲವಾದ ರಬ್ಬರು ಒಂದಿಷ್ಟು ಕುಗ್ಗಿ ಮತ್ತೆ ಬಿಗಿಯಾಗುತ್ತದೆ. ಹಾಲಿನ ಮೂಲೆಯ ಅಡುಗೆ ಕಟ್ಟೆಯಲ್ಲಿ ಬೆಲ್ಟು ಬೇಯುತ್ತಿರುವುದನ್ನು ನೋಡಲು ಎಲ್ಲರೂ ಸುತ್ತ ನಿಂತರು. “ಉಪ್ಪು ಹಾಕಬೇಕಾ?” ಎಂದು ನನ್ನನ್ನು ಕರೆತಂದಿದ್ದ ಅಕ್ಕ ಕೇಳಿದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಬೆಲ್ಟು ಒರೆಸಿ ಹಾಕಿದೆ, ಗುಂಡಿ ಒತ್ತಿದೆ, ತಟ್ಟೆ ಸರ್ರನೆ ಹೊರಗೆ ಬಂತು. ಅವಲಕ್ಕಿ ಕೊಟ್ಟು ಕೂರಿಸಿದರು. ಗೋಡೆಗೊರಗಿ ಅವರು ಹಾಡಿದ್ದನ್ನೆಲ್ಲ ಕೇಳಿದೆ. ಅಂದು ಗಿಯರಿನ ನೆನಪೇ ಆಗಲಿಲ್ಲ.

ಬೇಯಿಸಿದ ಬೆಲ್ಟಿನ ಆಯಸ್ಸು ಕಡಿಮೆ. ಎರಡು ಮೂರು ತಿಂಗಳಿಗೆ ಮತ್ತೆ ಜಾರುತ್ತದೆ. ಇದನ್ನು ಮೊದಲ ದಿನವೇ ಹೇಳಿ ನನ್ನ ನಂಬರು ಕೊಟ್ಟಿದ್ದೆ. ಸರಿ, ಎರಡು ಮೂರು ತಿಂಗಳಿಗೊಮ್ಮೆ ಅಕ್ಕನ ಫೋನು ಬರತೊಡಗಿತು: “ಬಾಯಿ ಬಿಡುವುದಿಲ್ಲ, ಬರ್ತೀರಾ?” ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಸ್ಲೋ ಲೋಕಲ್ ರೈಲು ಹಿಡಿದು ಮಾಟುಂಗ ರೋಡಿನಲ್ಲಿ ಇಳಿಯುತ್ತಿದ್ದೆ. ಅಲ್ಲಿ ಯಾರೂ ನನ್ನ ಹೆಸರು ಕೇಳಿರಲಿಲ್ಲ. “ಸಿಡಿಯವರು ಬಂದ್ರು” ಅನ್ನುತ್ತಿದ್ದರು. ಸಿಡಿಮಿಡಿ ಸ್ವಭಾವದವನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು ಎಂದು ನಾನೂ ಸುಮ್ಮನಿದ್ದೆ. ಆ ಅಳತೆಯ ಹೊಸ ಬೆಲ್ಟು ಎಲ್ಲೂ ಸಿಗುತ್ತಿರಲಿಲ್ಲ. ಸಿಗದಿದ್ದದ್ದಕ್ಕೆ ನನಗೇನೂ ಬೇಸರ ಇರಲಿಲ್ಲ.

ಹೋದ ವರ್ಷ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಬೇರೆ ಯಾವುದಕ್ಕೋ ಗಿಯರು ಹುಡುಕುತ್ತಿದ್ದಾಗ ಅಂಗಡಿಯವನು ಒಂದು ಪುಟ್ಟ ಪೊಟ್ಟಣ ಮುಂದಿಟ್ಟ. “ಅಂಕಲ್, ಆಪ್‌ಕಾ ಬೆಲ್ಟ್ ಆ ಗಯಾ.” ಈ ಬೆಲ್ಟು ಬಂದರೆ ತೆಗೆದಿಡು ಎಂದು ಯಾವತ್ತೋ ಹೇಳಿಟ್ಟಿದ್ದೆನಂತೆ. ಎಳೆದು ನೋಡಿದೆ. ಅದೇ ಅಳತೆ, ಹೊಸ ರಬ್ಬರು. ನಾನು ಇರುವಷ್ಟು ಕಾಲ ಆ ಮೆಷಿನ್ನು ಕೆಡುವ ಹಾಗಿರಲಿಲ್ಲ. ಬೇಡ ಅನ್ನಲು ನಾಲಿಗೆ ಬರಲಿಲ್ಲ, ಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡೆ.

ಮರುವಾರವೇ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅಕ್ಕ ನೀರು ಕಾಯಲು ಇಟ್ಟಾಗಿತ್ತು. ಮೆಷಿನ್ನು ಬಿಚ್ಚಿ ಹಳೆಯ ಬೆಲ್ಟು ತೆಗೆದೆ. ನೀರು ಕುದಿಯುತ್ತಿತ್ತು, ಹೊಸ ಬೆಲ್ಟು ಜೇಬಿನಲ್ಲಿತ್ತು. ಬೇಯಿಸಿ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ದೀಪಾವಳಿಯ ಹೊತ್ತಿಗೆ ಮತ್ತೆ ಕರೆ ಬರುತ್ತಿತ್ತು. ಆದರೆ ಅದೇ ದೀಪಾವಳಿಗೆ ದೇವಸ್ಥಾನದಲ್ಲಿ ಅವರ ಕಾರ್ಯಕ್ರಮ. ಅಷ್ಟು ಜನರ ಮುಂದೆ ತಟ್ಟೆ ಸಿಕ್ಕಿಕೊಂಡರೆ ಅವರು ಬಾಯಿ ಬಾಯಿ ಬಿಡಬೇಕಾಗುತ್ತಿತ್ತು. ಅಲ್ಲದೆ ಜೀವಮಾನವಿಡೀ ಗೆರೆ ನೆಟ್ಟಗೆ ಎಳೆದ ಕೈ ಇದು, ಬೇಕೆಂದು ಸೊಟ್ಟ ಕೆಲಸ ಮಾಡಲು ಒಪ್ಪಲಿಲ್ಲ. ಒಲೆ ಆರಿಸಿ ಹೊಸದನ್ನೇ ಹಾಕಿದೆ.

“ಇನ್ನು ವರ್ಷಗಟ್ಟಲೆ ಏನೂ ಆಗಲ್ಲ” ಅಂದೆ.

“ಒಳ್ಳೆಯದಾಯಿತು! ಇನ್ನು ಪಾಪ ನಿಮ್ಮನ್ನು ಮಲಾಡಿನಿಂದ ಎಳೆದು ತರುವ ಕೆಲಸ ಇಲ್ಲ” ಅಂದರು ಅಕ್ಕ. ಮನಸಾರೆ ಹೇಳಿದ ಮಾತು ಅದು. ನನಗೆ ಮಾತ್ರ ಚುರುಕ್ ಅಂತು. ತಿಂಡಿಗೆ ನಿಲ್ಲದೆ ಹೊರಟುಬಿಟ್ಟೆ.

ಆಮೇಲೆ ಫೋನು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಶನಿವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಸೊಸೈಟಿಯ ವಾಚ್‌ಮನ್ ಮೇಲೆ ರೇಗುತ್ತಿದ್ದೆ. ಅಕ್ಕನ ಮೇಲೂ ಸಿಟ್ಟು ಬರುತ್ತಿತ್ತು: ಮೆಷಿನ್ನು ಸರಿಹೋದರೆ ಮನುಷ್ಯನೂ ಬೇಡವಾದನೇ? ಕೆಲಸವಿಲ್ಲದೆ ಹೋಗಿ ನಿಲ್ಲಲು ನಾನೇನು ಅವರ ನೆಂಟನೇ? ಒಮ್ಮೆ ಮಾಟುಂಗದ ತನಕ ಹೋಗಿ ತರಕಾರಿ ಕೊಂಡು ಬಂದೆ. ಆ ಬೀದಿಗೆ ತಿರುಗಲಿಲ್ಲ. ಮಲಾಡಿನಲ್ಲಿ ಸಿಗದ ತರಕಾರಿಯೇನಲ್ಲ ಅದು. ಒಂಟಿತನ ಅನ್ನುವುದನ್ನು ಅಲ್ಲಿಯವರೆಗೆ ನಾನು ನನ್ನ ಅಭ್ಯಾಸ ಅಂದುಕೊಂಡಿದ್ದೆ. ಆ ದಿನ ರೈಲಿನಲ್ಲಿ ನುಗ್ಗೆಕಾಯಿ ಹಿಡಿದು ಕೂತಾಗ ಅದು ದುಃಖ ಎಂದು ಗೊತ್ತಾಯಿತು.

ಈ ಚೈತ್ರದಲ್ಲಿ ಒಂದು ಸಂಜೆ ಅಕ್ಕನ ಫೋನು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೆಷಿನ್ನು ಕೆಟ್ಟಿತೆಂದು ನನಗೆ ಖುಷಿಯಾಯಿತು. ಮಾತಾಡುತ್ತಲೇ ಸ್ಕ್ರೂಡ್ರೈವರಿನ ಡಬ್ಬಿ ಹತ್ತಿರ ಎಳೆದುಕೊಂಡೆ.

“ಏನಾಯ್ತು, ತಟ್ಟೆ ಬರ್ತಿಲ್ವಾ?”

“ಇಲ್ಲಪ್ಪ, ಮೆಷಿನ್ ಚಂದ ಉಂಟು. ನೀವೇ ಕಾಣುವುದಿಲ್ಲ ಅಂತ ಫೋನ್ ಮಾಡಿದೆ. ಇಷ್ಟು ದಿನ ನಿಮ್ಮದೂ ಸೇರಿಸಿ ಒಂದು ಲೋಟ ಕಾಫಿ ಹೆಚ್ಚು ಮಾಡುತ್ತಿದ್ದೆವು, ಹಾಡು ಕೇಳ್ಲಿಕ್ಕೆ ಈ ಶನಿವಾರ ಬರ್ತಾರೆ, ಈ ಶನಿವಾರ ಬರ್ತಾರೆ ಅಂತ. ಮೊನ್ನೆ ನಾನೇ ಹೇಳಿದೆ, ಸಾಕು, ಸುಮ್ಮನೆ ತಣಿದು ಹೋಗ್ತದೆ ಅಂತ.”

ಎಳೆದುಕೊಂಡಿದ್ದ ಡಬ್ಬಿಯನ್ನು ಹಿಂದಕ್ಕೆ ತಳ್ಳಿದೆ.

“ಕೆಲಸ ಇತ್ತು” ಅಂದೆ. ಧ್ವನಿ ಸಿಡುಕಿನಿಂದಲೇ ಬಂತು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

“ಹೌದು ಹೌದು, ಈ ಮುಂಬಯಿಯಲ್ಲಿ ಯಾರಿಗೆ ಕೆಲಸ ಇಲ್ಲ ಹೇಳಿ” ಅಂದರು ಅಕ್ಕ, ಮೆತ್ತಗೆ. ಆಮೇಲೆ ಆರೋಗ್ಯ ನೋಡಿಕೊಳ್ಳಿ ಎಂದು ಫೋನು ಇಟ್ಟರು.

ನನಗೆ ಯಾವ ಕೆಲಸವೂ ಇರಲಿಲ್ಲ. ಅಷ್ಟು ಹೇಳಿದ್ದರೆ ಸಾಕಾಗಿತ್ತು.