ಕೃಷ್ಣಪ್ಪನವರ ಎಡಗೈ ಹೆಬ್ಬೆಟ್ಟು

ಕೋವಿಡ್ ಕಳೆದು ಜನ ಮತ್ತೆ ಮಾಸ್ಕ್ ಇಲ್ಲದೆ ಬ್ಯಾಂಕಿಗೆ ಬರತೊಡಗಿದ್ದ ಕಾಲ. ನಾನು ಹೊಸಕೋಟೆಯ ಶಾಖೆಯೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಮೊದಲು ನನ್ನ ಕೊನೆಯ ಪೋಸ್ಟಿಂಗ್ ಅದು.

ಸಮೇತನಹಳ್ಳಿಯ ಕೃಷ್ಣಪ್ಪನವರು ನಮ್ಮ ಹಳೆಯ ಗ್ರಾಹಕರು. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆಗಿ ದುಡಿದು ನಿವೃತ್ತರಾಗಿದ್ದರು. ಮಗಳು ಮದುವೆಯಾಗಿ ಚಿಂತಾಮಣಿ ಸೇರಿದ್ದಳು, ಮಗ ಮಂಜುನಾಥ ಹುಬ್ಬಳ್ಳಿಯಲ್ಲಿ ಲಾರಿ ಮೆಕ್ಯಾನಿಕ್. ಫೀಸು, ಮದುವೆ ಸಾಲ ಎಲ್ಲ ತೀರಿದ ಮೇಲೆ ಆ ಮನೆಯಲ್ಲಿ ಮೊದಲ ಸಲ ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತಿತ್ತು. ಅದರ ಜೊತೆಗೆ ಪಿ.ಎಫ್. ಹಣವನ್ನೂ ಸೇರಿಸಿ ಎಂಟು ಲಕ್ಷ ರೂಪಾಯಿಯ ಎಫ್.ಡಿ. ಮಾಡಿಸಿದ್ದರು. ಎಲ್ಲವೂ ಅವರೊಬ್ಬರ ಹೆಸರಿನಲ್ಲಿ. ಹೆಂಡತಿಯ ಹೆಸರು ಸೇರಿಸಿ ಎಂದು ನಾನು ಹೇಳಿದಾಗ, "ಅವಳಿಗ್ಯಾಕೆ ಮೇಡಂ ಈ ತಲೆನೋವು, ನಾನಿಲ್ವಾ?" ಎಂದು ನಕ್ಕಿದ್ದರು.

ಒಂದು ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುತ್ತಿದ್ದಂತೆ ಅವರ ಹೆಂಡತಿ ಸರೋಜಮ್ಮ ನನ್ನ ಕೋಣೆಗೆ ಬಂದರು. ಕಾಲಲ್ಲಿ ಬೇರೆ ಬೇರೆ ಜೊತೆಯ ಚಪ್ಪಲಿ. ಹಿಂದೆಯೇ ಕೃಷ್ಣಪ್ಪನವರ ತಮ್ಮ ನಾರಾಯಣಪ್ಪ. ಬೆಳಗಿನ ಜಾವ ಕೃಷ್ಣಪ್ಪನವರು ಬಚ್ಚಲಲ್ಲಿ ಕುಸಿದು ಬಿದ್ದಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಮೆದುಳಿನಲ್ಲಿ ರಕ್ತಸ್ರಾವ ಎಂದು ತಿಳಿದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಧ್ಯಾಹ್ನದೊಳಗೆ ಆಪರೇಷನ್ ಆಗಬೇಕು, ಅದಕ್ಕೆ ಮುಂಚೆ ಮೂರು ಲಕ್ಷ ಕಟ್ಟಬೇಕು.

"ನಮ್ಮತ್ತಿಗೆಗೆ ಇದೆಲ್ಲಾ ಗೊತ್ತಾಗಲ್ಲ," ಎಂದರು ನಾರಾಯಣಪ್ಪ. "ಎಫ್‌ಡಿ ಮುರಿದು ನನ್ ಅಕೌಂಟ್‌ಗೆ ಹಾಕ್ಬಿಡಿ ಮೇಡಂ, ನಾನ್ ಕಟ್ಟಿಸ್ತೀನಿ."

ಸರೋಜಮ್ಮ ಮೇಜಿನ ಅಂಚು ಹಿಡಿದು ನಿಂತಿದ್ದರು. "ದುಡ್ಡು ಎಲ್ಲಿದೆ, ಎಷ್ಟಿದೆ ಒಂದೂ ಗೊತ್ತಿಲ್ಲ ನಂಗೆ. ಮೊದ್ಲು ಮಂಜ ನೋಡ್ಕೊಳ್ಳೋನು. ಅವ್ನು ಹುಬ್ಬಳ್ಳಿಗೆ ಹೋದ್ಮೇಲೆ ಇವ್ರೇ ನೋಡ್ಕೊಂಡ್ರು. ಆದ್ರೆ ನಾನು ನಾಮಿನಿ ಅಂತಿದ್ರು. ನನ್ ಸೈನ್ ಸಾಕಲ್ವಾ?"

ಕಂಪ್ಯೂಟರಿನಲ್ಲಿ ನೋಡಿದೆ. ನಾಮಿನಿ ಅವರೇ. ಆದರೆ ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿರುವಷ್ಟು ಕಾಲ ಆ ಹೆಸರಿಗೆ ಯಾವ ಬಲವೂ ಇಲ್ಲ. ಇದನ್ನು ಎಷ್ಟೋ ಜನರಿಗೆ ವಿವರಿಸಿದ್ದೇನೆ. ಅಂದು ಅವರಿಗೂ ಹೇಳಿದೆ. ಸರೋಜಮ್ಮ ಮೇಜಿನ ಅಂಚು ಬಿಟ್ಟು ಮುಂದೆ ಬಾಗಿದರು.

"ಅಂದ್ರೆ, ಅವ್ರು ಹೋದ್ರೆ ಕೊಡ್ತೀರಾ, ಉಳಿಸ್ಕೊಳ್ಳೋಕೆ ಕೊಡಲ್ವಾ?"

ಒಂದು ದಾರಿ ಇತ್ತು. ಸಹಿ ಹಾಕಲಾರದ ರೋಗಿಯ ಬಳಿಗೆ ಬ್ಯಾಂಕಿನ ಅಧಿಕಾರಿಯೇ ಹೋಗಿ, ಇನ್ನೊಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆದು ಹಣ ಕೊಡಬಹುದು. ಆದರೆ ರೋಗಿಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವಿರಬೇಕು. ಪ್ರಜ್ಞೆ ತಪ್ಪಿದರೆ ಆ ದಾರಿಯೂ ಮುಚ್ಚುತ್ತದೆ. ಆಮೇಲೆ ಕೋರ್ಟಿನ ಆದೇಶವೇ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಫಾರಂ, ಇಂಕ್ ಪ್ಯಾಡ್ ಬ್ಯಾಗಿಗೆ ಹಾಕಿಕೊಂಡು ಅವರ ಜೊತೆಯಲ್ಲೇ ಹೊರಟೆ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಆಟೋ ನಿಂತುಬಿಟ್ಟಿತು. ನಾರಾಯಣಪ್ಪನವರ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು, ಅವರು ಎತ್ತುತ್ತಿರಲಿಲ್ಲ.

ಐಸಿಯುನಲ್ಲಿ ಕೃಷ್ಣಪ್ಪನವರು ಕಣ್ಣು ಮುಚ್ಚಿ ಮಲಗಿದ್ದರು. "ಎಚ್ಚರ ಬರುತ್ತೆ, ಹೋಗುತ್ತೆ," ಎಂದರು ಡಾಕ್ಟರು. "ಮುಂದಿನ ಸಲ ಬರುತ್ತೆ ಅಂತ ನಾನು ಹೇಳಲಾರೆ."

ನಾನು ಹೆಸರು ಹಿಡಿದು ಕರೆದೆ. ರೆಪ್ಪೆ ಅಲುಗಲಿಲ್ಲ. ಭುಜ ಮುಟ್ಟಿ ಕರೆದೆ. ಏನೂ ಇಲ್ಲ.

"ಕೈ ಹಿಡಿದು ಒತ್ತಿಸ್ಕೊಳ್ಳಿ ಮೇಡಂ," ಎಂದು ಹಿಂದಿನಿಂದ ನಾರಾಯಣಪ್ಪ ಮೆಲ್ಲಗೆ ಹೇಳಿದರು. "ಯಾರ್ ಕೇಳ್ತಾರೆ?"

ಆ ಕ್ಷಣದ ಭಯ ಈಗಲೂ ನೆನಪಾಗುತ್ತದೆ. ಒತ್ತಿಸಿಕೊಂಡರೆ ಅದು ಅಪರಾಧ. ಒತ್ತಿಸಿಕೊಳ್ಳದೆ ಹೊರಟರೆ ಈ ಮನುಷ್ಯ ಸತ್ತೇ ಹೋಗಬಹುದು, ಅವರದೇ ಹಣ ನನ್ನ ಶಾಖೆಯಲ್ಲಿ ಕೂತಿರುವಾಗಲೇ. ಬ್ಯಾಗಿನ ಜಿಪ್ ಎಳೆದು ಮುಚ್ಚಿದೆ. ನಾರಾಯಣಪ್ಪನವರನ್ನು ಹೊರಗೆ ಕಳಿಸಿ, ಸರೋಜಮ್ಮನವರನ್ನು ಮಂಚದ ಹತ್ತಿರ ಕರೆದೆ.

ಅವರು ಬಾಗಿ, "ರೀ," ಎಂದರು. "ರೀ, ನಾನು. ಬ್ಯಾಂಕ್ ಮೇಡಂ ಬಂದವ್ರೆ. ಕಣ್ಬಿಡಿ."

ಎರಡನೆಯ ಸಲಕ್ಕೆ ಎಡಗಣ್ಣು ತೆರೆಯಿತು, ಆಮೇಲೆ ಇನ್ನೊಂದು. ನನ್ನ ಬೆರಳನ್ನು ಅವರ ಎಡಗೈಯಲ್ಲಿಟ್ಟು ಕೇಳಿದೆ. ನಾನು ಯಾರೆಂದು ಗೊತ್ತಾಯಿತೇ? ಅದುಮಿದರು. ಎಫ್.ಡಿ. ಮುರಿಯಲೇ? ಅದುಮಿದರು. ಹಣ ತಮ್ಮನ ಖಾತೆಗೆ ಹಾಕಲೇ? ಬೆರಳು ಸಡಿಲವಾಯಿತು, ತಲೆ ಅತ್ತಿಂದಿತ್ತ ಸ್ವಲ್ಪವೇ ಹೊರಳಿತು. ನೇರ ಆಸ್ಪತ್ರೆಗೆ ಕಟ್ಟಲೇ? ನೋವಾಗುವಷ್ಟು ಅದುಮಿದರು. ಆಮೇಲೆ ತೊದಲುತ್ತಾ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಸರೋಜಮ್ಮನಿಗೆ ಅರ್ಥವಾಯಿತು.

"ಮಿಕ್ಕಿದ್ದು ನಂಗೆ ಅಂತಾವ್ರೆ," ಎಂದು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಡಾಕ್ಟರು ಸಾಕ್ಷಿಯಾಗಿ ಸಹಿ ಹಾಕಿದರು. ಎಡಗೈ ಹೆಬ್ಬೆಟ್ಟು ಪಡೆದು, ಅಲ್ಲಿಂದಲೇ ಶಾಖೆಗೆ ಫೋನ್ ಮಾಡಿ ಮೂರು ಲಕ್ಷವನ್ನು ಆಸ್ಪತ್ರೆಯ ಖಾತೆಗೆ ಹಾಕಿಸಿದೆ. ಅವರನ್ನು ಆಪರೇಷನ್‌ಗೆ ಕರೆದೊಯ್ಯುವ ಹೊತ್ತಿಗೆ ಮತ್ತೆ ಕಣ್ಣು ಮುಚ್ಚಿದ್ದವು.

ಕೃಷ್ಣಪ್ಪನವರು ಉಳಿದರು. ಬಲಗೈ ಮಾತ್ರ ಸರಿಹೋಗಲಿಲ್ಲ, ಮಾತೂ ಅರ್ಧಂಬರ್ಧ. ನಾರಾಯಣಪ್ಪನವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ. ಆಪರೇಷನ್‌ಗೆ ರಕ್ತ ಹೊಂದಿಸಿದವರು ಅವರೇ ಎಂದು ಆಮೇಲೆ ತಿಳಿಯಿತು. ಭಯ ಹೊಕ್ಕ ಮನೆಯಲ್ಲಿ ಯಾರು ಯಾಕೆ ಅವಸರ ಮಾಡುತ್ತಾರೆಂದು ಹೇಳುವುದು ಕಷ್ಟ. ಅದಕ್ಕೇ ಹಣ ಯಾರ ಒಳ್ಳೆಯತನದ ಮೇಲೂ ನಿಲ್ಲದಂತೆ ನೋಡಿಕೊಳ್ಳಬೇಕು.

ಕೆಲವು ತಿಂಗಳ ನಂತರ ಇಬ್ಬರೂ ಬ್ಯಾಂಕಿಗೆ ಬಂದು ಖಾತೆ, ಮಿಕ್ಕ ಹಣದ ಹೊಸ ಎಫ್.ಡಿ. ಎಲ್ಲವನ್ನೂ ಜಂಟಿಯಾಗಿ ಮಾಡಿಸಿಕೊಂಡರು. ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಬಗೆಯದು. ಸಹಿ ಹಾಕುವಾಗ ಸರೋಜಮ್ಮ ಪ್ರತಿ ಹಾಳೆಯಲ್ಲೂ ಏನಿದೆ ಎಂದು ಕೇಳಿ ತಿಳಿದುಕೊಂಡರು. ಕೃಷ್ಣಪ್ಪನವರು ಬೇಸರವಿಲ್ಲದೆ ಕಾದರು.

ಮಕ್ಕಳು ಹೊರಟ ಮೇಲೆ ಎಷ್ಟು ಉಳಿಸಬೇಕೆಂದು ದಂಪತಿಗಳು ನನ್ನನ್ನು ಕೇಳುತ್ತಿದ್ದರು. ಅಂದಿನಿಂದ ಆ ಪ್ರಶ್ನೆಗೆ ನಾನು ಮೊದಲು ಉತ್ತರ ಕೊಡುವುದನ್ನು ಬಿಟ್ಟೆ. ನೀವು ನಾಳೆ ಮಾತಾಡಲಾಗದೆ ಮಲಗಿದರೆ ಇವರು ಹೇಗೆ ಹಣ ತೆಗೆಯುತ್ತಾರೆ ಎಂದು ತಿರುಗಿ ಕೇಳುತ್ತಿದ್ದೆ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜಂಟಿ ಖಾತೆಯ ಫಾರಂ ಕೇಳುತ್ತಿದ್ದರು.